ಎರಡನೇ ಗೇರಿನ ಸದ್ದು

"ಸದ್ದು ಬರ್ತಿರೋದು ಗೇರ್‌ಬಾಕ್ಸ್‌ನಿಂದಾನೋ, ನನ್ನ ಕಾಲಿನಿಂದಾನೋ? ಅಷ್ಟು ಹೇಳಿಬಿಡು, ಸಾಕು."

ಈ ಪ್ರಶ್ನೆ ಕೇಳಿದಾಗ ಭಾವನಿಗೆ ಐವತ್ತೆಂಟು ವರ್ಷ. ಅವರ ಕಾರಿಗೆ ಅದಕ್ಕಿಂತ ಎರಡು ಹೆಚ್ಚು. ಶೆಡ್ಡಿನಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕುಳಿತು, ಎಡಗಾಲಿನ ಬೂಟು ಬಿಚ್ಚಿ, ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಸುಮ್ಮನಾಗಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಭಾವ, ಎಂದರೆ ನನ್ನ ಅಕ್ಕನ ಗಂಡ, ಮೂವತ್ತು ವರ್ಷ ಲಿಫ್ಟ್‌ಗಳ ತಪಾಸಣೆ ಮಾಡಿದವರು. ವರ್ಷಕ್ಕೊಮ್ಮೆ ಒಂದೊಂದು ಕಟ್ಟಡಕ್ಕೆ ಹೋಗಿ, ಹಗ್ಗ, ಬ್ರೇಕು, ಬಾಗಿಲುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಹಸಿರು ಚೀಟಿ, ಸರಿಯಿಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಬರುವುದು ಅವರ ಕೆಲಸ. ಈ ಕೆಲಸದಲ್ಲಿ ಅವರದೇ ಒಂದು ಪದ್ಧತಿಯಿತ್ತು. ಲಿಫ್ಟಿನ ನೆಲದ ಮೇಲೆ ಅಂಚಿನವರೆಗೆ ನೀರು ತುಂಬಿದ ಗಾಜಿನ ಲೋಟವಿಟ್ಟು, ಗುಂಡಿ ಒತ್ತಿ, ತಾವು ಹೊರಗೆ ಬಂದುಬಿಡುತ್ತಿದ್ದರು. ಮೆಟ್ಟಿಲು ಹತ್ತುತ್ತ, ಗೋಡೆಗೆ ಕಿವಿಯಿಟ್ಟು ಸದ್ದು ಕೇಳುತ್ತ ಹೋಗಿ, ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದು, ಎಷ್ಟು ನೀರು ತುಳುಕಿದೆ ಎಂದು ನೋಡುತ್ತಿದ್ದರು. ಒಳಗೆ ಯಾಕೆ ನಿಲ್ಲುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

"ನಾನು ಒಳಗೆ ನಿಂತ್ರೆ ನನ್ನ ತೂಕವೂ ಒಳಗೆ ಬರುತ್ತೆ, ನನ್ನ ಅನುಮಾನವೂ ಒಳಗೆ ಬರುತ್ತೆ. ಪರೀಕ್ಷೆ ಮಾಡೋನು ಪರೀಕ್ಷೆಯಿಂದ ದೂರ ಇರಬೇಕು."

ಆ ಮಾತು ನನಗೆ ಬಹಳ ಹಿಡಿಸಿತ್ತು. ನಾನು ಓದುವ ವಿಜ್ಞಾನದ ಪುಸ್ತಕಗಳು ಹತ್ತಾರು ಪುಟಗಳಲ್ಲಿ ಹೇಳುವುದನ್ನು ಅವರು ನೀರಿನ ಲೋಟದಲ್ಲಿ ಹೇಳಿದ್ದರು.

ಕೆಂಪು ಚೀಟಿಯ ವಿಷಯದಲ್ಲಿ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಐದನೇ ಮಹಡಿಯಲ್ಲಿದ್ದ ಅವರ ತಾಯಿಯ ಮನೆಯ ಲಿಫ್ಟಿಗೂ ಒಮ್ಮೆ ಅಂಟಿಸಿ ಬಂದರು. ಹನ್ನೊಂದು ವಾರ ಅದು ತೆರೆಯಲಿಲ್ಲ. ಆ ಮುದುಕಿ ತರಕಾರಿ ಚೀಲ ಹಿಡಿದು ಮಹಡಿಗೊಮ್ಮೆ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದರು: "ಹೊತ್ತು ಹೆತ್ತು ಸಾಕಿದ್ದಕ್ಕೆ ಒಳ್ಳೇ ಬಹುಮಾನ ಕೊಟ್ಯಲ್ಲೋ ನನ್ನಪ್ಪಾ!" ಭಾವ ಚೀಲವನ್ನು ಹೊತ್ತು ಅವರ ಹಿಂದೆಯೇ ಹತ್ತುತ್ತಿದ್ದರು, ಚೀಟಿಯನ್ನು ಮಾತ್ರ ತೆಗೆಯಲಿಲ್ಲ.

ಇಂಥ ಮನುಷ್ಯನ ಒಂದೇ ಒಂದು ಚಪಲ ಆ ಕಾರು. ಬ್ರಿಟಿಷ್ ಕಂಪನಿಯೊಂದರ, ಎರಡೇ ಸೀಟಿನ, ಮೇಲ್ಚಾವಣಿ ಮಡಚಿಡಬಹುದಾದ ಹಳೆಯ ಸ್ಪೋರ್ಟ್ಸ್ ಕಾರು. ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲಿ, ಲಿಫ್ಟಿನ ಯಂತ್ರದ ಕೋಣೆಯ ಪಕ್ಕ, ಟಾರ್ಪಾಲಿನ ಕೆಳಗೆ ವರ್ಷಗಟ್ಟಲೆ ನಿಂತಿತ್ತಂತೆ. ಪ್ರತಿ ವರ್ಷ ತಪಾಸಣೆಗೆ ಹೋದಾಗ ಟಾರ್ಪಾಲು ಎತ್ತಿ ನೋಡಿ ಬರುತ್ತಿದ್ದವರು, ಏಳನೇ ವರ್ಷ ಅದನ್ನು ಮನೆಗೇ ಎಳೆಸಿಕೊಂಡು ಬಂದರು. ಎಂಜಿನ್, ವೈರಿಂಗ್, ಸೀಟು, ಎಲ್ಲವನ್ನೂ ತಾವೇ ಸರಿ ಮಾಡಿದರು. ಗೇರ್‌ಬಾಕ್ಸ್ ಒಂದನ್ನು ಮಾತ್ರ ಬಿಚ್ಚಲಿಲ್ಲ. ಅದು ಚೆನ್ನಾಗಿಯೇ ಇತ್ತು. ಅದಾದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರೇ ಅದರಲ್ಲಿ ಕುಳಿತು, ಊರಾಚೆಯ ಗುಡ್ಡದ ರಸ್ತೆಯಲ್ಲಿ ಎರಡು ಗಂಟೆ ಸುತ್ತಿ ಬರುವುದು. ತಿರುಗಿ ಬಂದಾಗ ಮುಖ ತೊಳೆದಿಟ್ಟ ಹಾಗಿರುತ್ತಿತ್ತು. "ವಾರದಲ್ಲಿ ಆರು ದಿನ ನನ್ನ ಗಂಡ, ಏಳನೇ ದಿನ ಅದರ ಗಂಡ" ಎಂದು ಅಕ್ಕ ರೇಗಿಸುತ್ತಿದ್ದಳು.

ಆ ವರ್ಷದ ಆರಂಭದಲ್ಲಿ, ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹಾಕುವಾಗ ಕರ್ ಎಂಬ ಸದ್ದು ಬರತೊಡಗಿತು. ಹಲ್ಲಿನ ಮೇಲೆ ಹಲ್ಲು ಉಜ್ಜಿದಂಥ ಸದ್ದು. ಸುಮಾರು ಅದೇ ಸಮಯಕ್ಕೆ ಭಾವ ಮೆಟ್ಟಿಲಲ್ಲಿ ಎರಡು ಸಲ ಎಡವಿದರು. ಎಡಗಾಲಿನ ಚಪ್ಪಲಿ ಗೊತ್ತಾಗದಂತೆ ಜಾರಿ ಹೋಗುತ್ತಿತ್ತು. ಕ್ಲಚ್ ಒತ್ತುವುದೂ ಅದೇ ಕಾಲು; ಅದನ್ನು ಪೂರ್ತಿ ಒತ್ತದಿದ್ದರೂ ಗೇರು ಹೀಗೆಯೇ ಕಿರುಚುತ್ತದೆ.

ಅಕ್ಕ ಡಾಕ್ಟರ ಬಳಿ ಹೋಗೋಣವೆಂದು ಹಿಡಿದ ಪಟ್ಟು ಬಿಡಲಿಲ್ಲ. ಭಾವ ಮೊದಲು ಹೋದದ್ದು ಮೆಕ್ಯಾನಿಕ್ಕನ ಬಳಿಗೆ.

ಹಳೆಯ ಕಾರುಗಳನ್ನೇ ನೆಚ್ಚಿಕೊಂಡಿದ್ದ ಆ ಮೆಕ್ಯಾನಿಕ್ಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೌನಿ ಎಂದು. ಸ್ಪ್ಯಾನರು ಬಾಯಲ್ಲಿ ಕಚ್ಚಿಕೊಂಡಿದ್ದಾಗಲೂ ಅವನ ಮಾತು ನಿಲ್ಲುತ್ತಿರಲಿಲ್ಲ. ಕಾರನ್ನು ಅಂಗಳದಲ್ಲಿ ಒಂದು ಸುತ್ತು ಹೊಡೆಸಿ, ಅವನು ಅಲ್ಲೇ ತೀರ್ಪು ಕೊಟ್ಟ.

"ಸಾರ್, ಎರಡನೇ ಗೇರಿನ ರಿಂಗು ಸವೆದಿದೆ. ಒಳಗಡೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗ್ತಿರ್ತವಲ್ಲ, ಅವೆರಡನ್ನ ಸಮಾಧಾನ ಮಾಡಿ ಜೋಡಿಸೋದು ಆ ಹಿತ್ತಾಳೆ ರಿಂಗು. ಅದೇ ಹೋದ್ರೆ ಗಂಡ ಹೆಂಡತಿ ಜಗಳದಲ್ಲಿ ಮಧ್ಯಸ್ಥ ಇಲ್ಲದ ಹಾಗೆ. ಈ ಬಾಕ್ಸ್ ತೆಗೆದುಹಾಕಿ. ಹೊಸ ಕಾಲದ ಐದು ಗೇರಿನ ಬಾಕ್ಸ್ ಕೂರಿಸಿಕೊಡ್ತೀನಿ. ಕ್ಲಚ್ ಬೆಣ್ಣೆ ಥರ ಇರುತ್ತೆ, ಬೆರಳಲ್ಲಿ ಒತ್ತಬಹುದು!"

"ಬಿಚ್ಚಿ ನೋಡದೆ ಹೇಗಪ್ಪ ಹೇಳ್ತೀಯ?"

"ಬಿಚ್ಚೋದಂದ್ರೆ ಎಂಜಿನ್ ಸಮೇತ ಇಳಿಸಬೇಕು ಸಾರ್. ಅಷ್ಟು ಇಳಿಸಿದ ಮೇಲೆ ಹಳೇದನ್ನೇ ಯಾರಾದ್ರೂ ವಾಪಸ್ ಕೂರಿಸ್ತಾರಾ?"

ಭಾವ ಅಳೆದೂ ಸುರಿದೂ ನೋಡಿದರು. ಹೊಸ ಗೇರ್‌ಬಾಕ್ಸಿಗಾಗಿ ನೆಲದ ತಗಡನ್ನು ಕತ್ತರಿಸಬೇಕು. ಗುಡ್ಡ ಹತ್ತುವಾಗ ಹಳೆಯ ಗೇರು ಗುನುಗುವ ದನಿ ಹೋಗಿಬಿಡುತ್ತದೆ. ಆದರೆ ಇವೆಲ್ಲ ಹೊರಗಿನ ಮಾತು. ದೋಷ ಗೇರ್‌ಬಾಕ್ಸಿನದಾದರೆ ಬದಲಿಸಿ ಇನ್ನಷ್ಟು ವರ್ಷ ಓಡಿಸಬಹುದು. ಕಾಲಿನದಾದರೆ, ಗೇರ್‌ಬಾಕ್ಸಿನ ಮಾತೇ ಇಲ್ಲ. ಅವರ ನಿಯಮದ ಪ್ರಕಾರ ಆ ಕಾರಿನ ಚಾಲಕನಿಗೆ ಕೆಂಪು ಚೀಟಿ. ಅದಕ್ಕೇ ಬಕೆಟ್ಟಿನ ಮೇಲೆ ಕುಳಿತು ನನ್ನನ್ನು ಕೇಳಿದ್ದು.

"ಮೌನಿ ರಿಂಗು ಅಂತಾನೆ" ಎಂದರು.

"ಬಾಕ್ಸ್ ಮಾರೋನು ಕಾಲು ಅಂತಾನಾ ಭಾವ? ಅವನ ಕಿವಿಗೆ ಅದೇ ತಾನೇ ಕೇಳಿಸೋದು" ಎಂದೆ.

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಲಾಭವಿರುವವನ ಸಾಕ್ಷ್ಯವನ್ನು ಅನುಮಾನಿಸುವುದು ಒಳ್ಳೆಯ ಅಭ್ಯಾಸ. ಆದರೆ ಲಾಭವಿರುವವನೂ ನಿಜ ಹೇಳಬಹುದೆಂಬುದನ್ನು ಆ ಅಭ್ಯಾಸ ಎಷ್ಟು ಬೇಗ ಮರೆಸಿಬಿಡುತ್ತದೆ ಎಂಬುದು ನನಗೆ ಆಗ ತಿಳಿಯಲಿಲ್ಲ.

ಪರೀಕ್ಷೆಯ ಉಪಾಯ ನನ್ನದೇ. ಅದೇ ಕಾರು, ಅದೇ ರಸ್ತೆ, ಚಾಲಕರು ಮಾತ್ರ ಇಬ್ಬರು. ಇಬ್ಬರೂ ಹತ್ತು ಹತ್ತು ಸಲ ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹಾಕಬೇಕು. ಇಬ್ಬರಿಗೂ ಸದ್ದು ಬಂದರೆ ಗೇರ್‌ಬಾಕ್ಸ್. ಭಾವನಿಗೆ ಮಾತ್ರ ಬಂದರೆ ಕಾಲು. ನನಗೆ ಕಾರು ಓಡಿಸಲು ಬರುವುದಿಲ್ಲವಾದ್ದರಿಂದ ಎರಡನೆಯ ಚಾಲಕಿ ಅಕ್ಕ.

"ಆ ಸವತಿಯನ್ನ ಮುಟ್ಟಿ ಇಪ್ಪತ್ತು ವರ್ಷ ಆಯ್ತು ಕಣೋ" ಎಂದಳು. ಆದರೂ ಒಪ್ಪಿದಳು. ಪರೀಕ್ಷೆ ಮುಗಿದರೆ ಗಂಡ ಡಾಕ್ಟರ ಬಳಿ ಬರುತ್ತಾನೆಂಬ ಆಸೆ ಅವಳಿಗಿತ್ತು.

ಭಾನುವಾರ ಬೆಳಿಗ್ಗೆ, ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಮೊದಲು ಭಾವ ಓಡಿಸಿದರು. ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಹತ್ತರಲ್ಲಿ ಏಳು ಸಲ ಕರ್ ಎಂದಿತು. ಆಮೇಲೆ ಅಕ್ಕನ ಸರದಿ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡು, "ರೀ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ನಂಗೆ ಧೈರ್ಯ ಇಲ್ಲ" ಎಂದಳು.

"ಪರೀಕ್ಷೆ ಮಾಡೋನು ದೂರ ಇರಬೇಕು" ಎಂದರು ಭಾವ. ನಾನು ತಲೆಯಾಡಿಸಿದೆ. ಇಬ್ಬರೂ ರಸ್ತೆ ಬದಿಗೆ ಬಂದು ನಿಂತೆವು.

ಕಾರು ಹೊರಟಿತು. ಮೊದಲನೇ ಗೇರು, ತುಸು ತಡ, ಎರಡನೆಯದು. ಸದ್ದಿಲ್ಲ. ತಿರುಗಿಸಿ ತಂದು ನಿಲ್ಲಿಸಿ, ಮತ್ತೆ ಹೊರಟಳು. ಸದ್ದಿಲ್ಲ. ಪ್ರತಿ ಸಲವೂ ಎರಡು ಗೇರುಗಳ ನಡುವೆ ಸ್ವಲ್ಪ ತಡ ಮಾಡುತ್ತಿದ್ದಳು. "ಹೆದರ್ತಿದ್ದಾಳೆ" ಎಂದರು ಭಾವ. ಎಂಟನೆಯ ಸಲ, ಒಂದಾದರೂ ಕರ್ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಯಾರಲ್ಲಿ ಬೇಡಿಕೊಂಡೆನೋ ಗೊತ್ತಿಲ್ಲ. ನನಗೆ ಅಂಥ ನಂಬಿಕೆಗಳಿಲ್ಲ.

ಹತ್ತರಲ್ಲಿ ಸೊನ್ನೆ.

ಏಳು ಮತ್ತು ಸೊನ್ನೆ. ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಸಾವಿರಕ್ಕೆ ಎರಡಕ್ಕಿಂತ ಕಡಿಮೆ ಎಂದು ಅಲ್ಲೇ ಲೆಕ್ಕ ಹಾಕಿದೆ. ಭಾವ ಕೇಳಿದರು, ನಾನು ಹೇಳಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅಕ್ಕ ಕಾರಿನಿಂದ ಇಳಿದು ನಗುನಗುತ್ತ ಬಂದಳು. "ನೋಡಿದ್ರಾ, ಒಂದ್ಸಲವೂ ಕಿರುಚಲಿಲ್ಲ! ನನ್ನ ಕಂಡ್ರೆ ಅದಕ್ಕೆ ಭಯ." ನಮ್ಮಿಬ್ಬರ ಮುಖ ನೋಡಿದ ಮೇಲೆ, ತಾನು ಗೆದ್ದದ್ದೇನು ಎಂಬುದು ಅವಳಿಗೆ ತಿಳಿಯಿತು. ನಗು ಹಾಗೇ ಇಂಗಿತು.

"ಹಾಗಲ್ಲ ರೀ... ಕಾಲು ಸ್ವಲ್ಪ ನೋಯ್ತಿರಬಹುದು, ಅಷ್ಟೇ. ಬೆಣ್ಣೆ ಥರ ಕ್ಲಚ್ ಅಂದ್ನಲ್ಲ ಮೌನಿ, ಅದನ್ನೇ ಹಾಕಿಸೋಣ."

"ಹಗ್ಗ ಸವೆದಿರೋ ಲಿಫ್ಟಿಗೆ ಹೊಸ ಗುಂಡಿ ಹಾಕಿಸೋದಾ?" ಎಂದರು ಭಾವ. ದನಿಯಲ್ಲಿ ಸಿಟ್ಟಿರಲಿಲ್ಲ. "ದೋಷ ಎಲ್ಲಿದೆ ಅಂತ ಗೊತ್ತಾದ ಮೇಲೂ ಓಡಿಸಿದ್ರೆ, ನಾಳೆ ಯಾರಿಗಾದ್ರೂ ಬಡಿದ್ರೆ, ಅದನ್ನ ಅಪಘಾತ ಅನ್ನೋಕಾಗಲ್ಲ." ಕೀಲಿಯನ್ನು ಅಕ್ಕನ ಕೈಯಲ್ಲಿಟ್ಟು, ಮನೆಗೆ ನಡೆದುಕೊಂಡೇ ಹೊರಟರು. ಮೂರು ಕಿಲೋಮೀಟರು. ನಾನು ಅವರ ಜೊತೆ ನಡೆದೆ. ಅಕ್ಕ ಒಂಟಿಯಾಗಿ ಕಾರು ತಂದಳು. ಅದೇ ದಿನ ಮೌನಿಗೆ ಫೋನು ಮಾಡಿ ಗೇರ್‌ಬಾಕ್ಸ್ ಬೇಡವೆಂದರು. ಕಾರಿನ ಮೇಲೆ ಟಾರ್ಪಾಲು ಹೊದಿಸಿದರು.

ಆ ವಾರವೇ ಆಸ್ಪತ್ರೆಗೆ ಹೋದೆವು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಔಷಧಿಯಿಲ್ಲ. ವೈದ್ಯೆ ಒಳ್ಳೆಯ ಹೆಂಗಸು. ಸುಳ್ಳು ಭರವಸೆ ಕೊಡಲಿಲ್ಲ. ನಾನು ಸಿಕ್ಕಿದ ಪ್ರಬಂಧಗಳನ್ನೆಲ್ಲ ಓದಿದೆ. ಓದಿದಷ್ಟೂ ನನ್ನ ಕೈಯಲ್ಲಿ ಏನೂ ಇಲ್ಲವೆಂಬುದು ಇನ್ನಷ್ಟು ನಿಖರವಾಗಿ ತಿಳಿಯಿತು, ಅಷ್ಟೆ.

ಕಾಯಿಲೆ ನಿಧಾನದ್ದು. ಅದಾದ ಮೇಲೂ ಭಾವ ಹದಿನಾಲ್ಕು ತಿಂಗಳು ಊರುಗೋಲಿಲ್ಲದೆ ನಡೆದರು. ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಪತ್ರಿಕೆ ಹಿಡಿದು ಕುಳಿತಿರುತ್ತಿದ್ದರು, ಪುಟ ತಿರುಗುತ್ತಿರಲಿಲ್ಲ. ಅಕ್ಕ ಎಷ್ಟೋ ಸಲ, "ನಾನು ಓಡಿಸ್ತೀನಿ, ಬನ್ನಿ, ಗುಡ್ಡದವರೆಗೆ ಹೋಗಿ ಬರೋಣ" ಎಂದು ಗೋಗರೆದಳು. ಜಪ್ಪಯ್ಯ ಎಂದರೂ ಅವರು ಮತ್ತೆ ಆ ಕಾರಿನಲ್ಲಿ ಕೂರಲಿಲ್ಲ. ಆಮೇಲೆ ಕೋಲು ಬಂತು, ಗಾಲಿಕುರ್ಚಿ ಬಂತು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಅನ್ನ ಉಣಿಸುವಾಗ ಅಕ್ಕ ಚಮಚೆಯನ್ನು ಬಾಯಿಯ ಹತ್ತಿರ ಹಿಡಿದು ಕಾಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೂರನೆಯ ವರ್ಷ, ಉಸಿರಾಟದ ಸ್ನಾಯುಗಳು ಸೋತು, ಅವರು ತೀರಿಕೊಂಡರು.

ನಾಲ್ಕು ತಿಂಗಳಾದ ಮೇಲೆ ಅಕ್ಕ ಕಾರನ್ನು ಮಾರಲು ನಿರ್ಧರಿಸಿದಳು. ಕೊಳ್ಳುವವನು ಗೇರ್‌ಬಾಕ್ಸ್ ಬಿಚ್ಚಿ ತೋರಿಸಬೇಕೆಂದ. ಮೌನಿ ಎಂಜಿನ್ ಇಳಿಸಿ ನಮ್ಮನ್ನು ಕರೆಸಿದ. ಹಳೆಯ ಬಟ್ಟೆಯ ಮೇಲೆ ಎರಡು ಹಿತ್ತಾಳೆ ರಿಂಗುಗಳನ್ನಿಟ್ಟಿದ್ದ. ಒಂದರ ಹಲ್ಲುಗಳು ಚೂಪಾಗಿದ್ದವು. ಇನ್ನೊಂದರವು ಉಜ್ಜಿ ಉಜ್ಜಿ ಬೋಳಾಗಿದ್ದವು.

"ಎರಡನೇ ಗೇರಿಂದು" ಎಂದ, ಬೋಳಾದದ್ದನ್ನು ಕೈಗೆತ್ತಿಕೊಂಡು. "ಇದನ್ನ ಯಾರು ಹಾಕಿದ್ರೂ ಕಿರುಚಲೇಬೇಕು. ಸಾರ್‌ಗೆ ಆವತ್ತೇ ಹೇಳಿದ್ದೆ. ಹೊಸ ಬಾಕ್ಸ್, ಹಗುರ ಕ್ಲಚ್ ಇದ್ದಿದ್ರೆ ಇನ್ನೊಂದು ವರ್ಷ ಆರಾಮಾಗಿ ಓಡಿಸ್ತಿದ್ರು."

"ಅಕ್ಕ ಹತ್ತು ಸಲ ಹಾಕಿದಳು. ಒಂದು ಸಲವೂ ಸದ್ದಾಗಲಿಲ್ಲ" ಎಂದೆ.

ಮೌನಿ ಅಕ್ಕನ ಕಡೆ ತಿರುಗಿದ. "ಹೇಗೆ ಹಾಕಿದ್ರಿ ಅಮ್ಮಾ? ಕ್ಲಚ್ ಎಷ್ಟು ಸಲ ಒತ್ತಿದ್ರಿ?"

"ಎರಡು ಸಲ" ಎಂದಳು ಅಕ್ಕ, ಅದರಲ್ಲೇನು ವಿಶೇಷ ಎಂಬಂತೆ. "ಒತ್ತಿ, ನ್ಯೂಟ್ರಲ್‌ಗೆ ತಂದು, ಬಿಟ್ಟು, ಮತ್ತೆ ಒತ್ತಿ ಗೇರು ಹಾಕೋದು. ಹಳೇ ಕಾರಿಗೆ ಹಾಗೇ ಹಾಕಬೇಕು ಅಂತ ಮದುವೆಯಾದ ಹೊಸದರಲ್ಲಿ ಅವರೇ ಕಲಿಸಿದ್ದು. ಅವರು ಆಮೇಲೆ ಒಂದೇ ಸಲ ಒತ್ತಿ ಹಾಕೋಕೆ ಶುರು ಮಾಡಿದ್ರು, ನಂಗೆ ಬೇರೆ ಥರ ಬರೋದೇ ಇಲ್ಲ."

ಮೌನಿ ಕೈಯಲ್ಲಿದ್ದ ರಿಂಗನ್ನು ಬಟ್ಟೆಯ ಮೇಲಿಟ್ಟ. ಹಾಗೆ ಎರಡು ಸಲ ಒತ್ತಿ ಹಾಕಿದರೆ ಒಳಗಿನ ಚಕ್ರಗಳ ವೇಗ ತಾನಾಗಿಯೇ ಸರಿಹೋಗುತ್ತದಂತೆ. ರಿಂಗು ಸವೆದಿದ್ದರೂ, ರಿಂಗೇ ಇಲ್ಲದಿದ್ದರೂ, ಗೇರ್‌ಬಾಕ್ಸ್ ಸದ್ದು ಮಾಡುವುದಿಲ್ಲವಂತೆ. ಆ ಭಾನುವಾರ ಭಾವ ಅವಳ ಪಕ್ಕದಲ್ಲಿ ಕುಳಿತಿದ್ದರೆ, ಅವಳ ಕಾಲು ಎರಡು ಸಲ ಒತ್ತುವುದು ಕಣ್ಣಿಗೆ ಬೀಳುತ್ತಿತ್ತು.