ಮಾಸ್ಟರ್ ಎಳೆದ ಗೆರೆ

ಗಂಡ ತೀರಿಕೊಂಡ ವರ್ಷ ಅವಳು ಕೋಟು ಹೊಲಿಯುವ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋದಳು. ಮಾಲೀಕರು ಅವಳ ಮುಖವನ್ನೂ ಸರಿಯಾಗಿ ನೋಡದೆ, "ಮಾಸ್ಟರ್ ಹತ್ರ ಹೋಗಮ್ಮ. ಅವ್ರು ಹೂಂ ಅಂದ್ರೆ ನಂದೂ ಹೂಂ" ಎಂದರು.

ಮಾಸ್ಟರ್ ಎಂದರೆ ಬಟ್ಟೆ ಕತ್ತರಿಸುವವರು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಉದ್ದನೆಯ ಮೇಜಿನ ಮುಂದೆ ನಿಂತಿದ್ದರು. ಅವಳು ಮನೆಯಿಂದ ತಂದಿದ್ದ ಕತ್ತರಿಯನ್ನು ಕೇಳಿ ಇಸಿದುಕೊಂಡು, ಒಂದು ಚೂರು ಬಟ್ಟೆಗೆ ಹಾಕಿ ನೋಡಿ, ಕಸದ ಡಬ್ಬಿಗೆ ಎಸೆದರು.

"ಅಯ್ಯೋ, ಹೊಸದು ಮಾಸ್ಟ್ರೇ!"

"ಹೊಸದಾದ್ರೇನು, ಅಗ್ಗದ್ದು. ಇದು ಬಟ್ಟೆ ಕತ್ತರಿಸಲ್ಲ ತಂಗಿ, ಅಗಿಯುತ್ತೆ." ತಮ್ಮದೇ ಹಳೆಯ ಕತ್ತರಿಯೊಂದನ್ನು ಅವಳ ಕೈಗಿಟ್ಟು, "ನಾಳೆ ಬಾ. ತಡ ಮಾಡ್ಬೇಡ" ಎಂದರು.

ಅವಳಿಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಆದರೆ ಮಾಸ್ಟರ್ ಕೊಟ್ಟ ಕತ್ತರಿ ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತಿತ್ತು. ಅಂದಿನಿಂದ ಅವರ ಮಾತೆಂದರೆ ಮಾತು ಎಂದುಕೊಂಡಳು. ಅಲ್ಲಿ ಎಲ್ಲರಿಗೂ ಹಾಗೆಯೇ ಇತ್ತು. ಮಾಸ್ಟರ್ ಸೀಮೆಸುಣ್ಣದಲ್ಲಿ ಗೆರೆ ಎಳೆಯದ ಬಟ್ಟೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಎಳೆದ ಮೇಲೆ ಯಾರೂ ಯಾಕೆ ಎಂದು ಕೇಳುವಂತಿರಲಿಲ್ಲ. ಅವಳಿಗೆ ಸಿಕ್ಕಿದ್ದು ಕೈಹೊಲಿಗೆಯ ಮೇಜು. ಕೋಟಿನ ಒಳಗಿನ ಅಸ್ತರು, ಅಂಚು, ಗುಂಡಿ, ಎಲ್ಲ ಕೂತು ಮಾಡುವ ಕೆಲಸ. ಮಾಸ್ಟರದು ಬೆಳಗಿನಿಂದ ಸಂಜೆಯವರೆಗೂ ನಿಂತೇ ಮಾಡುವ ಕೆಲಸ. ಆಗಲೇ ಅವರ ಮಂಡಿ ಊದಿಕೊಳ್ಳುತ್ತಿತ್ತು. ಉಳಿದ ಬಟ್ಟೆಯ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿಕೊಂಡು ನಿಲ್ಲುತ್ತಿದ್ದರು.

"ಅರವತ್ತು ತುಂಬಿದ ದಿನ ಕುರ್ಚಿ ಮೇಲೆ ಕೂರ್ತೀನಿ ನೋಡು. ಮನೆಗೆ ಬೆಂಕಿ ಬಿದ್ರೂ ಏಳಲ್ಲ" ಎನ್ನುತ್ತಿದ್ದರು.

ಅವಳು ಸೇರಿ ಎರಡು ಮೂರು ವರ್ಷವಾಗಿರಬೇಕು, ಮಾಲೀಕರು ಎಲ್ಲರಿಗೂ ನಿವೃತ್ತಿ ಖಾತೆ ತೆರೆಸಿದರು. ಸಂಬಳದಲ್ಲಿ ಒಂದು ಪಾಲು ಹಿಡಿದು ಫಂಡಿಗೆ ಹಾಕುವುದು, ಅರವತ್ತಾದ ಮೇಲೆ ಅದು ಕೈಗೆ ಬರುವುದು. ಯಾವ ಫಂಡು ಎಂಬುದನ್ನು ಮಾತ್ರ ಅವರವರೇ ಆರಿಸಬೇಕು. ಲೆಕ್ಕ ಬರೆಯುವಾಕೆ ಊಟದ ಹೊತ್ತಿಗೆ ಮೇಲಿನ ಆಫೀಸಿನಿಂದ ಇಳಿದು ಬಂದು ನಿಧಾನವಾಗಿ ಬಿಡಿಸಿ ಹೇಳಿದಳು.

"ಎರಡು ಥರ ಇದೆ. ಒಂದು ಇಂಡೆಕ್ಸ್ ಫಂಡು. ಷೇರುಪೇಟೆಯಲ್ಲಿರೋ ದೊಡ್ಡ ಕಂಪನಿಗಳ ಷೇರನ್ನೆಲ್ಲ ಇಷ್ಟಿಷ್ಟು ಅಂತ ಕೊಂಡು ಸುಮ್ನೆ ಇಟ್ಕೊಳ್ಳುತ್ತೆ. ಕೂಡಿದ ಗಂಟಲ್ಲಿ ವರ್ಷಾ ವರ್ಷಾ ಸಾವಿರಕ್ಕೆ ಒಂದು ರೂಪಾಯಿ ಹಿಡ್ಕೊಳ್ತಾರೆ. ಇನ್ನೊಂದ್ರಲ್ಲಿ ತಿಳಿದವರು ಕೂತು ಆರಿಸಿ ಕೊಳ್ತಾರೆ. ಅವರ ಕೂಲಿ ಸಾವಿರಕ್ಕೆ ಇಪ್ಪತ್ತು."

"ಮೊದಲ್ನೇದ್ರಲ್ಲಿ ಆರಿಸೋರೇ ಇಲ್ವಾ?" ಎಂದರು ಮಾಸ್ಟರ್.

"ಇಲ್ಲ. ಎಲ್ಲಾನೂ ತಗೊಳ್ಳೋದೇ."

ಮಾಸ್ಟರ್ ನಕ್ಕರು. "ಹರಿದಿದ್ದು, ಹುಳ ತಿಂದಿದ್ದು ಎಲ್ಲಾ ಸೇರಿಸಿ ಮೂಟೆ ಕಟ್ಟೋದು! ಅದಕ್ಕೇ ಅಗ್ಗ. ನೀನೇನು ಹೇಳ್ತೀಯಮ್ಮ?"

"ನಿಯಮದ ಪ್ರಕಾರ ನಾನು ಇಂಥದ್ದೇ ಹಾಕಿ ಅಂತ ಹೇಳೋ ಹಾಗಿಲ್ಲ ಮಾಸ್ಟ್ರೇ. ನೀವೇ ಯೋಚ್ನೆ ಮಾಡಿ."

ಯೋಚನೆ ಮಾಡುವುದಕ್ಕೆ ಏನಿತ್ತು? ಬಟ್ಟೆಯನ್ನು ಬೆರಳಲ್ಲಿ ತಿಕ್ಕಿಯೇ ಬೆಲೆ ಹೇಳುತ್ತಿದ್ದವರು ಅವರು. ಅಗ್ಗದ ಅಸ್ತರು ಮೊದಲ ಒಗೆತಕ್ಕೇ ಸುಕ್ಕುಗಟ್ಟಿ ಇಡೀ ಕೋಟನ್ನೇ ಹಾಳುಮಾಡಿದ್ದನ್ನು ಎಷ್ಟೋ ಸಲ ಕಂಡಿದ್ದರು. ಹೊಲಿಗೆಯವರೆಲ್ಲ ಫಂಡು ಆರಿಸಿ ಗುರುತು ಹಾಕಬೇಕಿದ್ದ ತಂತಮ್ಮ ಹಾಳೆಗಳನ್ನು ಹಿಡಿದು ಅವರ ಮೇಜಿನ ಮುಂದೆ ಸಾಲುಗಟ್ಟಿದರು. ಮಾಸ್ಟರ್ ಒಂದೊಂದರಲ್ಲೂ ದುಬಾರಿ ಫಂಡಿನ ಪಕ್ಕ ಸೀಮೆಸುಣ್ಣದ ಗೆರೆ ಎಳೆದರು, ಹೊಲಿಗೆಯವರು ಅದರ ಮೇಲೆ ಪೆನ್ನಿನಲ್ಲಿ ತಿದ್ದಿಕೊಂಡರು. ಅವಳೂ ತಿದ್ದಿದಳು.

ಇಸ್ತ್ರಿಯವನೊಬ್ಬ ಮಾತ್ರ ಬರಲಿಲ್ಲ. ನಿದ್ದೆಬಡ್ಕ ಎಂದೇ ಅವನ ಅಡ್ಡಹೆಸರು. ಊಟವಾದ ಮೇಲೆ ಬಟ್ಟೆಯ ಮೂಟೆಗಳ ಹಿಂದೆ ಬಿದ್ದುಕೊಂಡರೆ ಲೋಕ ಮುಳುಗಿದರೂ ಏಳುವವನಲ್ಲ. ಅವನ ಹಾಳೆ ಖಾಲಿಯಾಗಿಯೇ ಆಫೀಸಿಗೆ ಹೋಯಿತು. ಏನೂ ಆರಿಸದವರನ್ನು ಇಂಡೆಕ್ಸಿಗೇ ಹಾಕಬೇಕೆಂಬುದು ನಿಯಮ. ಹಾಕಿದರು.

"ಲೋ, ನಿನ್ನ ದುಡ್ಡೂ ನಿನ್ನ ಹಾಗೇ ಮೂಟೆ ಹಿಂದೆ ಮಲಗಿರುತ್ತೆ" ಎಂದು ಮಾಸ್ಟರ್ ರೇಗಿಸಿದರು.

"ಮಲಗ್ಲಿ ಬಿಡಿ ಮಾಸ್ಟ್ರೇ. ನಿಮ್ಮ ಕೈಲಿ ಬೈಸ್ಕೊಳ್ಳೋದಾದ್ರೂ ತಪ್ಪುತ್ತೆ."

ವರ್ಷಗಳು ಉರುಳಿದವು. ಎಲ್ಲರಿಗೂ ವರ್ಷಕ್ಕೊಮ್ಮೆ ಚೀಟಿ ಬರುತ್ತಿತ್ತು. ಒಂದೆರಡು ಕೆಟ್ಟ ವರ್ಷ ಬಿಟ್ಟರೆ ಹಿಂದಿನ ವರ್ಷಕ್ಕಿಂತ ಹೆಚ್ಚೇ ಇರುತ್ತಿತ್ತು. ಆರಿಸುವವರ ಕೂಲಿ ಮೊದಲೇ ಕಳೆದು ಹೋಗಿರುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಳೆದದ್ದು ಕಾಣುತ್ತಿತ್ತು, ಎಷ್ಟು ಬೆಳೆಯಬೇಕಿತ್ತು ಎಂಬುದನ್ನು ತೋರಿಸುವವರಿರಲಿಲ್ಲ.

ಮಾಸ್ಟರಿಗೂ ಇಸ್ತ್ರಿಯವನಿಗೂ ಅರವತ್ತು ತುಂಬಿದ್ದು ಒಂದೇ ವರ್ಷ. ಇಬ್ಬರನ್ನೂ ಆಫೀಸಿಗೆ ಕರೆದರು. ಮಾಸ್ಟರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅವಳೇ ತೋಳು ಹಿಡಿದು ಹತ್ತಿಸಿದಳು, ಬಾಗಿಲ ಬಳಿಯೇ ನಿಂತಳು. ಲೆಕ್ಕದಾಕೆ ಇಬ್ಬರ ಮೊತ್ತವನ್ನೂ ಹೇಳಿದಳು. ಮಾಸ್ಟರಿಗಿಂತ ಸ್ವಲ್ಪ ಕಡಿಮೆ ಸಂಬಳದ ಇಸ್ತ್ರಿಯವನದು ಹೆಚ್ಚಿತ್ತು. ಅಷ್ಟಿಷ್ಟಲ್ಲ, ಚೆನ್ನಾಗಿಯೇ ಹೆಚ್ಚಿತ್ತು.

"ತಿರುಗುಮುರುಗಾಗಿದೆ. ಸರಿಯಾಗಿ ನೋಡಮ್ಮ" ಎಂದರು ಮಾಸ್ಟರ್.

"ಸರಿಯಾಗೇ ಇದೆ ಮಾಸ್ಟ್ರೇ. ಆರಿಸೋರು ಪೇಟೆಗಿಂತ ಹೆಚ್ಚೇನೂ ತರ್ಲಿಲ್ಲ. ಕೂಲಿ ಮಾತ್ರ ವರ್ಷಾ ವರ್ಷಾ ಹಿಡ್ಕೊಂಡ್ರು. ಇಪ್ಪತ್ತೈದು ವರ್ಷಕ್ಕೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಪಾಲು ಅವ್ರಿಗೇ ಹೋಯ್ತು."

"ನಿಂದು ಯಾವ್ದರಲ್ಲಿದೆ?"

ಆಕೆ ತಲೆ ತಗ್ಗಿಸಿದಳು. "ಇಂಡೆಕ್ಸಲ್ಲಿ."

"ಅವತ್ತು ಬಾಯಿಗೇನಾಗಿತ್ತು ನಿಂಗೆ?"

"ಹೇಳೋ ಹಾಗಿರ್ಲಿಲ್ಲ ಅಂತ ಅವತ್ತೇ ಹೇಳಿದ್ನಲ್ಲ. ನಾನು ಮೆಟ್ಟಿಲು ಹತ್ತೋದ್ರೊಳಗೆ ನೀವು ಎಲ್ಲರ ಹಾಳೆ ಮೇಲೂ ಗೆರೆ ಎಳೆದಾಗಿತ್ತು."

ಇಸ್ತ್ರಿಯವನಿಗೆ ನಗು ತಡೆಯಲಾಗಲಿಲ್ಲ. "ಮಾಸ್ಟ್ರೇ, ನಿದ್ದೆ ಮಾಡಿ ದುಡಿದೋನು ಕಾರ್ಖಾನೇಲಿ ನಾನೊಬ್ನೇ ನೋಡಿ!"

ಯಾರೂ ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವಳಿಗೆ ಅರವತ್ತಾಗಲು ಇನ್ನೆರಡೇ ವರ್ಷವಿತ್ತು. ಅಂದೇ ಲೆಕ್ಕದಾಕೆಗೆ ಹೇಳಿ ಇಂಡೆಕ್ಸಿಗೆ ಬದಲಾಯಿಸಿಕೊಂಡಳು. ಕೋಟು ಹೊಲಿದು ಮುಗಿಸಿದ ಮೇಲೆ ಅಳತೆ ತೆಗೆದ ಹಾಗೆ.

ಸುದ್ದಿ ಸಂಜೆಯೊಳಗೆ ಎಲ್ಲ ಮೇಜುಗಳಿಗೂ ಮುಟ್ಟಿತು. ಅಷ್ಟು ವರ್ಷ ಮಾಸ್ಟರ್ ಎಂದರೆ ಎದ್ದು ನಿಲ್ಲುತ್ತಿದ್ದವರು ಬೆನ್ನ ಹಿಂದೆ ಅಲ್ಲ, ಎದುರಿಗೇ ಆಡಿಕೊಂಡರು. "ಅವ್ರು ಗೆರೆ ಎಳೆದ್ರು, ನಾವು ಕತ್ತು ಕತ್ತರಿಸ್ಕೊಂಡ್ವಿ" ಎಂದ ಹೊಲಿಗೆಯವನೊಬ್ಬ. "ನಾನೂ ಅದಕ್ಕೇ ಹಾಕಿದ್ನಲ್ಲಪ್ಪ" ಎಂದರು ಮಾಸ್ಟರ್. ಅವಳು ಅವರ ಪರವಾಗಿಯೂ ಆಡಲಿಲ್ಲ, ವಿರುದ್ಧವಾಗಿಯೂ ಆಡಲಿಲ್ಲ. ಅಸ್ತರು ಹೊಲಿಯುತ್ತ ಕೂತಳು.

ಮಾಸ್ಟರಿಗೆ ಬಂದ ದುಡ್ಡಿನಲ್ಲಿ ಎರಡು ಕೋಣೆಯ ಮನೆಯ ಬಾಡಿಗೆ ಕಟ್ಟಿದರೆ ಕಾಯಿಲೆಯ ಹೆಂಡತಿಯ ಔಷಧಿಗೆ ಸಾಲದು. ಔಷಧಿ ತಂದರೆ ಬಾಡಿಗೆಗೆ ಸಾಲದು. ಮಾಸ್ಟರ್ ಕುರ್ಚಿಯ ಮಾತೆತ್ತದೆ ಮತ್ತೆ ಮೇಜಿನ ಮುಂದೆ ನಿಂತರು. ಮೂರನೆಯ ತಿಂಗಳು ಮಂಡಿ ಕೈಕೊಟ್ಟು, ಕತ್ತರಿಸುತ್ತಿದ್ದ ಬಟ್ಟೆಯ ಮೇಲೆಯೇ ಬಿದ್ದರು. ಡಾಕ್ಟರು ಇನ್ನು ನಿಲ್ಲಲೇಬಾರದು ಎಂದರು. ಮಾಲೀಕರು ಕತ್ತರಿಸುವುದಕ್ಕೆ ಯಂತ್ರ ತರಿಸಿ, ಅದನ್ನು ನಡೆಸಲು ಬೇರೆಯವನನ್ನು ಇಟ್ಟುಕೊಂಡರು.

ಆ ಹೊತ್ತಿಗೆ ಕೈಹೊಲಿಗೆಯ ಮೇಜಿಗೆ ಅವಳೇ ಹಿರಿಯಳು. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬೇಡವೆನ್ನಬೇಕು ಎಂಬುದನ್ನು ಮಾಲೀಕರು ಅವಳಿಗೇ ಬಿಟ್ಟಿದ್ದರು. ಒಂದು ಬೆಳಗ್ಗೆ ತಲೆಯೆತ್ತಿದರೆ ಮಾಸ್ಟರ್ ಕೋಲೂರಿಕೊಂಡು ಎದುರಿಗೆ ನಿಂತಿದ್ದರು. ಕೊರಳಲ್ಲಿ ಟೇಪು ಇರಲಿಲ್ಲ. ಪಕ್ಕದವರೆಲ್ಲ ಸೂಜಿ ನಿಲ್ಲಿಸಿದರು. ಅವಳು ಕೂತುಕೊಳ್ಳಿ ಎನ್ನಲಿಲ್ಲ. ತನ್ನ ನಾಲ್ಕರಲ್ಲೊಂದು ಪಾಲೂ ಇವರ ಕೈಯಿಂದಲೇ ಹೋಯಿತಲ್ಲ ಎಂಬುದೇ ಎದೆಯಲ್ಲಿ ಕುದಿಯುತ್ತಿತ್ತು.

ಮಾಸ್ಟರ್ ಕೇಳಿದರು:

"ಅಮ್ಮಾ, ಕೂತು ಮಾಡೋ ಕೆಲಸ ಏನಾದ್ರೂ ಕೊಡ್ತೀರಾ?"