ಶಿರೋಳದ ಗಂಟು

ಅವ್ವನ ಕಾಲಿಗೆ ಜೋಳದ ಕೂಳೆ ಚುಚ್ಚಿದ್ದು ಸೋಮವಾರ. ಗುರುವಾರ ಬೆಳಿಗ್ಗೆ ನಾನು ಪರೀಕ್ಷೆಯ ರಜೆಗೆಂದು ಹುಬ್ಬಳ್ಳಿಯಿಂದ ಚಿಕ್ಕನರಗುಂದಕ್ಕೆ ಬಂದಾಗ, ಆಕೆ ಆ ಕಾಲನ್ನು ಸೀರೆಯೊಳಗೆ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಕಾಲ ತೋರ್ಸು."

"ಏನಿಲ್ಲವಾ. ಅರಿಷಿಣ ಹಚ್ಚೇನಿ. ನೀ ಓದ್ಕೋ ಹೋಗು."

ನಾನೇ ಸೀರೆ ಸರಿಸಿದೆ. ಕಿರುಬೆರಳು ಕಪ್ಪಾಗಿತ್ತು. ಪಾದ ಊದಿ ಹೊಳೆಯುತ್ತಿತ್ತು. ಕೆಂಪು ಮೀನಖಂಡದವರೆಗೆ ಏರಿತ್ತು. ಹಣೆ ಮುಟ್ಟಿದರೆ ಒಲೆಯ ಮೇಲಿನ ಹಂಚು. ನಾನು ಕೂಗಾಡಿದೆ. ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು ಗ್ರೀಸು ಹತ್ತಿದ ಕೈಯಲ್ಲೇ ಓಡಿಬಂದ. ಅರ್ಧ ಗಂಟೆಯಲ್ಲಿ ನರಗುಂದದ ದವಾಖಾನೆಯಲ್ಲಿದ್ದೆವು.

ನಾನು ಓದುತ್ತಿರುವುದು ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಡಿಗ್ರಿ, ಮೂರನೆಯ ವರ್ಷ. ಊರಲ್ಲಿ ಇದನ್ನು ಹೇಳಿ ತಿಳಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಯ ಕೇಸ್ ಶೀಟು, ರಿಪೋರ್ಟುಗಳನ್ನು ಸರಿಯಾಗಿ ಬರೆದು, ಸರಿಯಾಗಿ ಇಟ್ಟು, ಬೇಕಾದಾಗ ಕ್ಷಣದಲ್ಲಿ ತೆಗೆದುಕೊಡುವ ಕೆಲಸ. "ಅಂದ್ರ ದವಾಖಾನ್ಯಾಗ ಕಾಗದ ಕಾಯೂದು," ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ನನಗೆ ಸಿಟ್ಟು ಬರುತ್ತದೆ.

ಆ ಸಿಟ್ಟೋ ಜಂಬವೋ, ಅಡ್ಮಿಷನ್ ಫಾರ್ಮು ಹಿಡಿದು ಸಿಸ್ಟರ್ ಬಂದಾಗ "ಕೊಡ್ರಿ, ನಾನ ತುಂಬತೇನಿ" ಎಂದು ಕಸಿದುಕೊಂಡೆ. ಹೆಸರು: ಸುನಂದಾ. ಊರು: ಚಿಕ್ಕನರಗುಂದ. ಸರಸರ ಬರೆದೆ. ಡ್ರಗ್ ಅಲರ್ಜಿ ಎಂಬ ಕಾಲಮ್ಮಿಗೆ ಬಂದಾಗ ಅವ್ವನನ್ನು ಕೇಳಿದೆ.

"ಅವ್ವಾ, ಯಾವುದಾರ ಔಷಧಿ ನಿಂಗ ಆಗಿ ಬರಂಗಿಲ್ಲೇನು?"

"ಹಂಗೇನಿಲ್ಲ ಬಿಡವಾ."

ನಿಲ್, ಎಂದು ಬರೆದೆ. ಕೆಳಗೆ ಒಂದು ಗೆರೆಯನ್ನೂ ಎಳೆದೆ. ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು ಎಂದು ಕಾಲೇಜಿನಲ್ಲಿ ಕಲಿಸಿದ್ದಾರೆ.

ರಕ್ತ ಪರೀಕ್ಷೆಯಲ್ಲಿ ಶುಗರ್ ಇದೆಯೆಂದು ಗೊತ್ತಾಯಿತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸೋಂಕಿಗೆ ಒಂದು, ನೋವಿಗೆ ಒಂದು, ಎರಡು ಇಂಜೆಕ್ಷನ್ ಒಂದರ ಹಿಂದೆ ಒಂದು ಕೊಟ್ಟರು. ನಾನು ಅಪ್ಪನಿಗೆ ಚಹಾ ತರಲು ಬಾಗಿಲ ತನಕ ಹೋಗಿದ್ದೆ.

ಹಿಂದಿರುಗಿ ನೋಡಿದರೆ ಅವ್ವನ ತುಟಿ ಊದಿತ್ತು.

ಕುತ್ತಿಗೆ, ಕೈ, ಹೊಟ್ಟೆಯ ಮೇಲೆಲ್ಲ ದದ್ದು. ಉಸಿರು ಸಿಳ್ಳೆ ಹಾಕುತ್ತಿತ್ತು. "ಸವಿತಾ" ಎನ್ನಲು ಹೋಗಿ ನನ್ನ ಹೆಸರು ಅರ್ಧಕ್ಕೇ ನಿಂತಿತು. ಸಿಸ್ಟರ್ ಕೂಗಿದರು, ಡಾಕ್ಟರ್ ಓಡಿಬಂದರು, ಪರದೆ ಎಳೆದರು. ಒಳಗಿನ ಸದ್ದು ಕೇಳುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹೊರಬಂದ ಡಾಕ್ಟರ್ "ಈಗ ಪರವಾಗಿಲ್ಲ" ಎಂದರು. ಅವರ ಕೈಯಲ್ಲಿ ನಾನು ತುಂಬಿದ ಫಾರ್ಮು ಇತ್ತು. ನಿಲ್ ಎಂಬ ನನ್ನ ದುಂಡನೆಯ ಅಕ್ಷರ ಅಷ್ಟು ದೂರದಿಂದಲೂ ಕಾಣುತ್ತಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವ ಆಕ್ಸಿಜನ್ ಮಾಸ್ಕಿನಲ್ಲಿ ಮಂಪರಿನಲ್ಲಿದ್ದಳು. ಕಾಲು ಇನ್ನೂ ಕೆಟ್ಟಿತ್ತು. ಡಾಕ್ಟರ್ ಅಪ್ಪನನ್ನೂ ನನ್ನನ್ನೂ ಕರೆದರು. ನನ್ನ ಅಕ್ಕನಾಗಬಹುದಾದಷ್ಟೇ ವಯಸ್ಸಿನ ಹೆಣ್ಣುಮಗಳು, ನೇರ ಮಾತಿನವರು.

"ನಾಲ್ಕು ಗಂಟೇಕ ಕಾಲ ಕೊಯ್ದು ಕೀವು ತಗೀಬೇಕ್ರಿ. ತಡಾ ಮಾಡಿದ್ರ ಪಾದ ಉಳಿಯೂದ ಕಷ್ಟ. ಆದ್ರ ನಿನ್ನಿ ಎರಡೂ ಇಂಜೆಕ್ಷನ್ ಕೂಡೇ ಹೋಗ್ಯಾವ. ಯಾವುದ್ರಿಂದ ಆತು ಅಂತ ಗೊತ್ತಿಲ್ಲ. ಅರಿವಳಿಕಿ ಬ್ಯಾರೆ ಕೊಡಬೇಕು. ಮೊದಲ ಯಾವಾಗರ ಹಿಂಗ ಆಗಿತ್ತೇನು? ಹಳೇ ಕಾಗದ ಏನಾರ ಅದಾವೇನು?"

ಅಪ್ಪ ನನ್ನ ಮುಖ ನೋಡಿದ. ಕಾಗದ ಕಾಯುವವಳು ನಾನಲ್ಲವೇ.

ನನಗೆ ಮೊದಲೇ ಒಂದು ಕಡೆ ಕೂರುವ ಚಾಳಿಯಿಲ್ಲ. ಅವತ್ತು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ತಿರುಗಿ ತಿರುಗಿ ಸಿಸ್ಟರಿಂದ ಬೈಸಿಕೊಂಡೆ. "ಒಂದ ಕಡಿ ಕುಂದ್ರವಾ ತಾಯಿ, ನಿನ್ನ ನೋಡಿ ನಮಗ ತಲಿ ತಿರಗಾಕತ್ತೇತಿ!" ತಿರುಗುತ್ತಲೇ ಶಿರೋಳಕ್ಕೆ ಫೋನ್ ಮಾಡಿದೆ. ಅಲ್ಲಿ ಅವ್ವನ ತಾಯಿ, ನನ್ನ ಆಯಿ ಇದ್ದಾಳೆ. ವಿಷಯ ಕೇಳಿ ಅತ್ತಳು. ಅಳುತ್ತಲೇ ಅಂದಳು:

"ಅಯ್ಯ ಶಿವನ, ನೀ ಹುಟ್ಟಿದಾಗೂ ನಿಮ್ಮವ್ವಗ, ನಮ್ಮ ನೀಲಾಗ, ಹಿಂಗ ಆಗಿತ್ತಲ್ಲವಾ! ಮೈ ತುಂಬ ದದ್ದು, ಉಸಿರ ಸಿಕ್ಕೊಂಡು... ಬಾಣಂತಿ ಸನ್ನಿ ಅಂದ್ರು ಎಲ್ಲಾರೂ. ಹರಕಿ ಹೊತ್ತಿದ್ದೆ ನಾ."

"ಸೂಜಿ ಮಾಡಿದ ಮ್ಯಾಲ ಆಗಿತ್ತೇನು?"

"ಸೂಜಿ ಮಾಡಿದ್ರವಾ. ಆದ್ರ ಅದು ಸನ್ನಿನ."

ಇಪ್ಪತ್ತು ವರ್ಷ ಅದು ಸನ್ನಿಯಾಗಿಯೇ ಉಳಿದಿತ್ತು. ಹಾಗಾಗಿ ಅವ್ವ ನನಗೆ ಹೇಳಿದ್ದು ಸುಳ್ಳಲ್ಲ. ಅವಳ ಲೆಕ್ಕದಲ್ಲಿ ಔಷಧಿಯಿಂದ ಏನೂ ಆಗಿರಲಿಲ್ಲ. ನಾನು ಹುಟ್ಟಿದ್ದು ನರಗುಂದದಲ್ಲೇ ಇರುವ ಒಂದು ಹಳೆಯ ನರ್ಸಿಂಗ್ ಹೋಮಿನಲ್ಲಿ. ಅಪ್ಪನನ್ನು ಅವ್ವನ ಹತ್ತಿರ ಕೂರಿಸಿ ಓಡಿದೆ.

ಅಲ್ಲಿನ ಕಂಪ್ಯೂಟರಿನಲ್ಲಿ ಇತ್ತೀಚಿನವು ಮಾತ್ರ ಇದ್ದವು. "ಹಳೇವು ಮ್ಯಾಲ, ಹುಸೇನಸಾಬ ಕಾಕಾನ ಹತ್ರ," ಎಂದಳು ಕೌಂಟರಿನ ಹುಡುಗಿ. ಮೆಟ್ಟಿಲು ಹತ್ತಿದರೆ ಗವ್ವೆನ್ನುವ ಒಂದು ಕೋಣೆ, ಮಾಡಿನ ತನಕ ಹಳೆಯ ಕೇಸ್ ಶೀಟು ಕಟ್ಟಿಟ್ಟ ಬಟ್ಟೆಯ ಗಂಟುಗಳು. ನಡುವೆ ಬಿಳಿ ಗಡ್ಡದ ಕಾಕಾ ಸ್ಟೂಲಿನ ಮೇಲೆ ಕೂತು ಗಂಟೊಂದರ ಲಾಡಿ ಬಿಗಿಯುತ್ತಿದ್ದರು. ಗಂಟಿನ ಮೇಲೆ ನಂಬರಿಲ್ಲ, ಊರಿನ ಹೆಸರು ಮಾತ್ರ. ಸುರಕೋಡ, ಕೊಣ್ಣೂರ, ಬೆನಕೊಪ್ಪ. ಹೋದ ಸೆಮಿಸ್ಟರಿನ ಸೆಮಿನಾರಿನಲ್ಲಿ ನಾನು ಇಂಥ ಗಂಟುಗಳನ್ನೇ ಹಂಗಿಸಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಹಳೆಯದನ್ನೆಲ್ಲ ತೆಗೆದು ಬಿಸಾಕಬೇಕು ಎಂದಿದ್ದೆ.

"ನಮ್ಮವ್ವ ನನ್ನ ಹಡದಾಗಿನ ಕಾಗದ ಬೇಕಾಗಿತ್ರಿ. ಇಪ್ಪತ್ತು ವರ್ಷದ ಹಿಂದಿನ ರಜಿಸ್ಟರ್ ಕೊಡ್ರಿ ಕಾಕಾ, ನಾನ ನೋಡ್ತೇನಿ."

"ಆ ವರ್ಷದ ರಜಿಸ್ಟರ್ ಗೆದ್ದಲ ತಿಂದಾವವಾ. ಊರ ಹೇಳು."

ಚಿಕ್ಕನರಗುಂದದ ಗಂಟು ಬಿಚ್ಚಿದರು. ಇಬ್ಬರೂ ಹಾಳೆ ತಿರುವಿದೆವು. ಸುನಂದಾ ಇರಲಿಲ್ಲ. ಇನ್ನೊಮ್ಮೆ ತಿರುವಿದೆವು. ಇರಲಿಲ್ಲ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ನನಗೆ ಅಳು ಬಂತು. ಕಾಕಾ ಕನ್ನಡಕ ಒರೆಸಿಕೊಂಡು ನನ್ನನ್ನೇ ನೋಡಿದರು.

"ನೀ ಎಷ್ಟನೇ ಮಗಳು?"

"ನಾ ಒಬ್ಬಾಕಿನರಿ."

"ಅಂದ್ರ ಚೊಚ್ಚಲ. ಹುಚ್ಚಿ, ಚೊಚ್ಚಲ ಬಾಣಂತನಕ್ಕ ಅತ್ತಿ ಮನ್ಯಾಗ ಯಾರ ಇರ್ತಾರ? ಅವ್ವನ ತವರ ಯಾವುದು?"

"ಶಿರೋಳ."

ಶಿರೋಳದ ಗಂಟು ಮೂಲೆಯಲ್ಲಿತ್ತು. ಬಿಚ್ಚಿದರು. ಅದರಲ್ಲೂ ಸುನಂದಾ ಇರಲಿಲ್ಲ. ನಾನು ಹಣೆ ಬಡಿದುಕೊಂಡೆ. ಕಾಕಾ ಮಾತ್ರ ನಿಧಾನವಾಗಿ ಕೇಳಿದರು: "ಮದಿವ್ಯಾಗ ಹೆಸರ ಬದಲ ಮಾಡಿದ್ರೇನು? ಇಲ್ಲಿ ಬರಿಸಿದಾಕಿ ನಿಮ್ಮ ಆಯಿ. ತಾ ಇಟ್ಟ ಹೆಸರ ಬಿಟ್ಟು ಬೀಗರ ಇಟ್ಟ ಹೆಸರ ಯಾಕ ಬರಿಸ್ಯಾಳು?"

ನಮ್ಮ ಕಡೆ ಸೊಸೆಯಾಗಿ ಬಂದವಳಿಗೆ ಗಂಡನ ಮನೆಯವರು ಹೊಸ ಹೆಸರಿಡುವುದು ರೂಢಿ. ಗೊತ್ತಿಲ್ಲದ್ದೇನಲ್ಲ. ಆದರೆ ಆಯಿ ಕರೆಯುವ ನೀಲಾ ಎಂಬುದನ್ನು ನಾನು ಮುದ್ದಿನ ಹೆಸರು ಅಂದುಕೊಂಡೇ ಬೆಳೆದಿದ್ದೆ. ಅವ್ವನಿಗೆ ನನಗಿಂತ ಮೊದಲು ಒಂದು ಜನ್ಮವಿತ್ತು, ಆ ಜನ್ಮಕ್ಕೊಂದು ಹೆಸರಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನೀಲವ್ವ, ಶಿರೋಳ. ಚೊಚ್ಚಲ ಹೆರಿಗೆ. ಹೆಣ್ಣು ಮಗು.

ಎರಡನೆಯ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಆಂಪಿಸಿಲಿನ್ ಇಂಜೆಕ್ಷನ್ನಿಗೆ ತೀವ್ರ ರಿಯಾಕ್ಷನ್, ಪೆನಿಸಿಲಿನ್ ಜಾತಿಯದು ಇನ್ನು ಕೊಡಕೂಡದು. ಅದರ ಹಿಂದಿನ ಹಾಳೆಯಲ್ಲಿ ನೋವಿನ ಇಂಜೆಕ್ಷನ್ನು, ಹೊಲಿಗೆ ಹಾಕುವಾಗ ಕೊಟ್ಟ ಅರಿವಳಿಕೆ, ಎಲ್ಲದರ ಹೆಸರೂ ಇತ್ತು. ಅವುಗಳಿಂದ ಏನೂ ಆಗಿರಲಿಲ್ಲ. ನಾನು ಹಾಳೆ ಎತ್ತಿಕೊಂಡು ಎದ್ದೆ. ಕಾಕಾ ಕೈ ಹಿಡಿದರು.

"ಕೇಸ್ ಶೀಟ್ ಹೊರಗ ಬಿಡಂಗಿಲ್ಲವಾ. ನಾನ ಬರ್ತೇನಿ, ನಡಿ."

ನಿಯಮ ಅದೇ. ನಾನೂ ಅದನ್ನೇ ಓದಿ ಮಾರ್ಕ್ಸ್ ತಗೊಂಡಿದ್ದೇನೆ. ಆ ಕ್ಷಣಕ್ಕೆ ಮಾತ್ರ ಕಾಕಾನ ಮೇಲೆ ರೇಗಿಹೋಯಿತು. ಅವರು ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು, ಬಿಸಿಲಲ್ಲಿ ನನ್ನ ಜೊತೆ ನಡೆದುಬಂದರು. ಡಾಕ್ಟರ್ ಎರಡೂ ಹಾಳೆ ನಿಂತಲ್ಲೇ ಓದಿದರು. "ಬೆಳಿಗ್ಗೆಯಿಂದ ಕತ್ತಲ್ಯಾಗ ಇದ್ವಿ ನೋಡ್ರಿ," ಎಂದರು. ನಿನ್ನೆ ಸೋಂಕಿಗೆಂದು ಕೊಟ್ಟದ್ದೂ ಅದೇ ಜಾತಿಯ ಔಷಧಿಯಂತೆ. ಬೇರೆಯದು ಬರೆದರು. ನಾನು ಬರೆದ ನಿಲ್ ಅನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿ, ಸಹಿ ಹಾಕಿಸಿಕೊಂಡು, ಕೆಂಪು ಸ್ಟಿಕ್ಕರ್ ಅಂಟಿಸಿದರು.

ನಾಲ್ಕು ಗಂಟೆಗೆ ಅವ್ವನನ್ನು ಒಳಗೆ ಒಯ್ದರು. ಐದೂಕಾಲಕ್ಕೆ ಹೊರಗೆ ತಂದರು. ಕಿರುಬೆರಳು ಹೋಯಿತು. ಪಾದ ಉಳಿಯಿತು. ಅಪ್ಪ ಗೋಡೆಗೆ ಮುಖ ಮಾಡಿ ನಿಂತು ಅತ್ತ. ಕಾಕಾ ಆಗಲೇ ಹಾಳೆಗಳೊಂದಿಗೆ ಹಿಂದಿರುಗಿದ್ದರು. ನಾನು ಅವರಿಗೆ ಒಂದು ಲೋಟ ಚಹಾ ಕೂಡ ಕೊಡಿಸಿರಲಿಲ್ಲ. ಮರುದಿನ ಹೋಗಿ ಕ್ಷಮೆ ಕೇಳಿದೆ. "ನಿಮ್ಮ ಕಂಪ್ಯೂಟರಿಗೆ ತವರ ಮನಿ ಗೊತ್ತೈತೇನವಾ?" ಎಂದು ಚೇಷ್ಟೆ ಮಾಡಿದರು.

ಹನ್ನೊಂದನೆಯ ದಿನ ಡಿಸ್ಚಾರ್ಜ್ ಆಯಿತು. ಹಟ ಹಿಡಿದು ಡಿಸ್ಚಾರ್ಜ್ ಸಮರಿಯ ಹಾಳೆಯಲ್ಲಿ ಎರಡೂ ಹೆಸರು ಹಾಕಿಸಿದೆ: ಸುನಂದಾ ಉರ್ಫ್ ನೀಲವ್ವ. ಅವ್ವ ಅದರ ಮೇಲೆ ಬೆರಳಾಡಿಸಿ "ಇದನ್ನ ಯಾರ ಬರಿಸಿದ್ರು?" ಎಂದಳು. "ನಾನ," ಎಂದೆ. ಆಕೆ ಮನೆಗೆ ಹೋಗುವವರೆಗೂ ಆ ಹಾಳೆಯನ್ನು ನನ್ನ ಕೈಗೆ ಕೊಡಲಿಲ್ಲ.

ಪರೀಕ್ಷೆ ಹೇಗೋ ಬರೆದೆ. ಪಾಸಾಗುತ್ತೇನೆ, ಅಷ್ಟೆ. ಶುಗರ್ ಅವ್ವನ ಜೊತೆಗೇ ಇರುತ್ತದಂತೆ, ಗಾಯ ಇನ್ನೂ ಪೂರ್ತಿ ಮಾಗಿಲ್ಲ. ನಾನು ಈಗಲೂ ಯಾವ ಫಾರ್ಮಿನಲ್ಲಾದರೂ ಅಲರ್ಜಿಯ ಕಾಲಮ್ ಕಂಡರೆ ಪೆನ್ನು ಕೆಳಗಿಟ್ಟು ಎರಡು ಸಲ ಕೇಳುತ್ತೇನೆ. ಆದರೆ ಹೋದ ವಾರ ಡ್ರೆಸ್ಸಿಂಗಿಗೆ ಹೋದಾಗ ಹೊಸ ಸಿಸ್ಟರೊಬ್ಬರು ಇದ್ದರು. "ಸುನಂದಾ ಯಾರ್ರಿ?" ಎಂದು ಕೂಗಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಅವ್ವ ಕುಂಟುತ್ತ ಮುಂದೆ ಹೋಗಿಯಾಗಿತ್ತು.

"ನಾನರಿ ಸುನಂದಾ. ನೀಲವ್ವನೂ ನಾನರಿ. ಮೊದಲ ಹೇಳ್ತೇನಿ, ಬರ್ಕೋರಿ: ಪೆನಿಸಿಲಿನ್ ನಮ್ಮಿಬ್ಬರಿಗೂ ಆಗಿ ಬರಂಗಿಲ್ಲ."