ಲೋಯರ್ ಪಾಸಾದ ಹುಡುಗಿ

ನಮ್ಮ ಕಡೆ ಟೈಪ್‌ರೈಟಿಂಗ್ ಪರೀಕ್ಷೆಗೆ ಎರಡೇ ಮೆಟ್ಟಿಲು: ಲೋಯರ್, ಹೈಯರ್. ಎಪ್ಪತ್ತರ ದಶಕದ ಸೇಲಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯನ್ನು ಮದುವೆಯಾಗುವ ತನಕ ಎಲ್ಲಾದರೂ ಕೂರಿಸಬೇಕಲ್ಲ, ಅದಕ್ಕೆಂದೇ ಬೀದಿಗೊಂದು ಇನ್‌ಸ್ಟಿಟ್ಯೂಟ್ ಇತ್ತು. ನಾನು ಲೋಯರ್ ಪಾಸು ಮಾಡಿದೆ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವ ನಮ್ಮ ಕನ್ನಡದವರ ಮನೆಗೆ ಅದೇ ದೊಡ್ಡ ಸಾಧನೆ. ಹೈಯರ್ ಪಾಸಾದರೆ ಆಫೀಸಿನಲ್ಲಿ ಕೆಲಸ ಸಿಗುತ್ತದೆ ಎಂಬ ಆಸೆ ನನ್ನದು. ಆಗ ನನಗೆ ಬೇರೇನೂ ಬೇಕಿರಲಿಲ್ಲ. ಹಕಾರ ನುಂಗುವ ನಮ್ಮವ್ವ ಬೀದಿಯಲ್ಲೆಲ್ಲ, "ನನ್ ಮಗ್ಳು ಮುಂದಿನ್ ವರ್ಸ ಐಯರ್ ಆಯ್ತಾಳೆ" ಎಂದು ಸಾರಿ ಬಂದಿದ್ದಳು. ನೇಕಾರರ ಹುಡುಗಿ ಐಯರ್ ಆಗುವುದು ಹೇಗೆಂದು ಕೇಳಿದವರಿಗೆ, "ಪರೀಕ್ಸೆ ಬರ್ದು" ಎಂದಳಂತೆ.

ಲೋಯರ್ ಅಂದರೇನು ಎಂದು ಒಮ್ಮೆ ಟೈಪಿಂಗ್ ಮೇಷ್ಟ್ರನ್ನು ಕೇಳಿ ತಪ್ಪು ಮಾಡಿದೆ. ಅವರು ದಪ್ಪ ಡಿಕ್ಷನರಿ ತೆಗೆದು ಕೂತರು. 'ಲೋ' ಎಂಬುದು ಇಂಗ್ಲಿಷರ ಸ್ವಂತದ್ದೂ ಅಲ್ಲವಂತೆ, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದವರು ಬಿಟ್ಟುಹೋದದ್ದಂತೆ. ಮೂಲದಲ್ಲಿ ನೆಲಕ್ಕೆ ಬಿದ್ದುಕೊಂಡಿರುವುದು ಎಂದರ್ಥ. ಅದು ಸಾಲದೆಂದು 'ಇನ್ನೂ' ಸೇರಿಸಿ ಲೋಯರ್ ಮಾಡಿ, ಆಮೇಲೆ ಅದನ್ನೇ ಕ್ರಿಯಾಪದವನ್ನಾಗಿಸಿದರು: ಬಾವುಟ ಇಳಿಸು, ದನಿ ತಗ್ಗಿಸು, ತಲೆ ಬಾಗಿಸು. ಬಿದ್ದದ್ದನ್ನೇ ಇನ್ನೂ ತಗ್ಗಿಸುವ ಈ ವಿದ್ಯೆ ಕಲಿಯಲು ನಮ್ಮ ಹೆಣ್ಣುಮಕ್ಕಳಿಗೆ ಇಂಗ್ಲಿಷೇಕೆ ಬೇಕೋ ನನಗೆ ತಿಳಿಯಲಿಲ್ಲ. ಅದೇ ಅಕ್ಷರಗಳಲ್ಲಿ ಬರೆಯುವ ಇನ್ನೊಂದು ಪದವೂ ಇದೆಯಂತೆ. ಅದರ ಹುಟ್ಟು ಬೇರೆ, ಉಚ್ಚಾರ ಬೇರೆ, ಅರ್ಥ ಮುಖ ಗಂಟು ಹಾಕಿಕೊಳ್ಳುವುದು. ಅದಕ್ಕೆ ಉದಾಹರಣೆ ಮೇಷ್ಟ್ರು ಕೊಡಬೇಕಾಗಿರಲಿಲ್ಲ, ನಮ್ಮಪ್ಪ ಮನೆಯಲ್ಲೇ ಇದ್ದ.

ಇಷ್ಟರಲ್ಲಿ ಸೋದರಮಾವ ನನಗೆ ಗಂಡು ಹುಡುಕಿ ಹತ್ತಿರದ ಎಡಪ್ಪಾಡಿಗೆ ಹೋಗಿ, ನೇಕಾರರದೇ ಒಂದು ಮನೆಯಲ್ಲಿ, "ಪೊಣ್ಣು ಲೋಯರ್ ಪಾಸು" ಎಂದು ಹುಡುಗಿಯ ಓದನ್ನು ತಮಿಳು ಬೆರೆಸಿ ಹೇಳಿ ಬಂದ. ಮಗ್ಗದ ಸದ್ದಿನಲ್ಲಿ ಅವರಿಗೆ ಲಾಯರ್ ಎಂದು ಕೇಳಿಸಿತು. ಮುಂದಿನ ಭಾನುವಾರವೇ ಹುಡುಗನ ಸಮೇತ ಬಂದು ಕೇಸರಿಬಾತಿಗೆ ಕೂತರು.

ಹುಡುಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಕರಿ ಕೋಟು ಆಕ್ಕೊಂಡೇ ಓಗ್ತೀಯಾ ಕೋರ್ಟ್‌ಗೆ? ಪಕ್ಕದ್ಮನೇರ್ ಜತೆ ನಮ್ದೊಂದು ಗ್ವಾಡೆ ತಕರಾರು ಐತೆ."

"ನಾನು ಟೈಪ್ ಮಾತ್ರ ಮಾಡೋದು" ಎಂದೆ.

ಗೋಡೆ ಅಲ್ಲೇ ಬಿತ್ತು. ಮಾವ ಬೆವರುತ್ತ ಲೋಯರಿಗೂ ಲಾಯರಿಗೂ ಇರುವ ವ್ಯತ್ಯಾಸ ಬಿಡಿಸಿ ಹೇಳಿದ. ಕೊನೆಗೆ ಹುಡುಗನ ತಂದೆ ದೊಡ್ಡ ಮನಸ್ಸು ಮಾಡಿದರು. "ಪರವಾಯಿಲ್ಲೈ. ನಮ್ ಉಡ್ಗ ಎಂಟ್ನೇ ಕ್ಲಾಸು. ಲೋಯರೇ ಸಾಕು. ಇನ್ನೂ ಮ್ಯಾಕೆ ಓದೋದೆಲ್ಲ ಬ್ಯಾಡ, ಇವತ್ಗೇ ನಿಲ್ಲಿಸ್ಬುಡ್ಲಿ."

"ಆಗ್ಲಿ" ಎಂದ ಅಪ್ಪ, ನನ್ನ ಮುಖ ಕೂಡ ನೋಡದೆ. ಲಾಯರನ್ನೇ ಸೊಸೆ ಮಾಡಿಕೊಳ್ಳಲು ಬಂದವರಿಗೆ ಹೈಯರ್ ಅತಿಯಾಗಿ ಕಂಡಿತು. ಗೋಡೆ ಗೆದ್ದುಕೊಡದ ಓದು ಯಾರಿಗೆ ಬೇಕು?

ಹುಡುಗಿಯ ಒಪ್ಪಿಗೆಯನ್ನು ಬಾಯಿಬಿಟ್ಟು ಕೇಳುವ ಕೆಟ್ಟ ಅಭ್ಯಾಸ ನಮ್ಮವರಲ್ಲಿ ಇರಲಿಲ್ಲ. ಗಂಡಿನ ಹೆತ್ತವರ ಕಾಲಿಗೆ ಬಿದ್ದರೆ ಒಪ್ಪಿದಂತೆ. ಬೀಳದೆ ಇರಬಹುದು ಎಂದು ಯಾರಿಗೂ ಹೊಳೆದಿರಲೇ ಇಲ್ಲ.

"ಕಾಲಿಗ್ ಬೀಳ್ಲೇ" ಎಂದ ಅಪ್ಪ.

ನಾನು ನಿಂತೇ ಇದ್ದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ತಲೆನಾದ್ರೂ ತಗ್ಸು."

"ನಾನು ಹೈಯರ್ ಬರೀಬೇಕಪ್ಪ" ಎಂದೆ. ದನಿಯನ್ನೂ ತಗ್ಗಿಸಲಿಲ್ಲ.

ಅವರು ಎಲೆಯಡಿಕೆ ಮುಟ್ಟದೆ ಎದ್ದು ಹೋದರು. ಕೇಸರಿಬಾತನ್ನು ಮಾತ್ರ ಆಗಲೇ ಮುಗಿಸಿದ್ದರು. ಅಪ್ಪ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತ. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆಯಲಿಲ್ಲ. "ಜನದ್ ಮುಂದೆ ನನ್ ತಲೆ ತಗ್ಸ್‌ಬುಟ್ಟೆ ಕಣವ್ವ" ಎಂದಷ್ಟೇ ಹೇಳಿದ.

ಅವನು ಹೇಳಿದ್ದು ನಿಜ. ಆ ದಿನ ಆ ಮನೆಯಲ್ಲಿ ಯಾರದಾದರೊಬ್ಬರ ತಲೆ ತಗ್ಗಲೇಬೇಕಿತ್ತು. ಅಪ್ಪನನ್ನು ನೋಡಿ ನನಗೆ ಅಳು ಬಂತು. ಅತ್ತು, ಮುಖ ತೊಳೆದು, ಸೋಮವಾರ ಕ್ಲಾಸಿಗೆ ಹೋದೆ.